ಬೈಲಕುಪ್ಪೆಗೆ ಹೋಗುವವರಿಗೆ ನಾಲ್ಕು ಮಾತು



ಕೃಷ್ಣರಾಜನಗರ, ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯವರಿಗೆ ಬೈಲಕುಪ್ಪೆ ಗೊತ್ತಿಲ್ಲದ ಊರಲ್ಲ. ಶಾಲೆಯ ಪ್ರವಾಸದ ಬಸ್ಸು ಮಡಿಕೇರಿ ಕಡೆ ಹೊರಟರೆ ಅಲ್ಲಿ ನಿಲ್ಲದೆ ಮುಂದೆ ಹೋಗುವುದಿಲ್ಲ. ಬೆಂಗಳೂರಿನಿಂದ ನೆಂಟರು ಬಂದರೆ ಒಂದು ದಿನ ಚುಂಚನಕಟ್ಟೆಗೆ, ಇನ್ನೊಂದು ದಿನ ಗೋಲ್ಡನ್ ಟೆಂಪಲ್‌ಗೆ ಕರೆದುಕೊಂಡು ಹೋಗುತ್ತೇವೆ. ಇಷ್ಟು ಸಲ ನೋಡಿದ ಜಾಗದ ಬಗ್ಗೆ ರೇಡಿಯೋದಲ್ಲಿ ಕುಳಿತು ಹೇಳುವುದೇನಿದೆ ಎಂದು ನೀವು ಕೇಳಬಹುದು. ಹೇಳುವುದು ಬಹಳ ಇದೆ. ನಾವು ನೋಡಿಕೊಂಡು ಬರುವುದು ಬಂಗಾರದ ಬಣ್ಣದ ಮೂರು ಮೂರ್ತಿಗಳನ್ನು. ಆ ಮೂರ್ತಿಗಳ ಮುಂದೆ ದಿನಾ ದೀಪ ಹಚ್ಚುವವರು ಯಾರು, ಎಲ್ಲಿಂದ ಬಂದರು, ಅರವತ್ತು ವರ್ಷ ಮೀರಿ ನಮ್ಮ ಜಿಲ್ಲೆಯಲ್ಲೇ ಬಾಳಿ ಇನ್ನೂ ಕಾಗದದ ಮೇಲೆ ಪರದೇಶದವರಾಗಿ ಉಳಿದ ಆ ಜನ ಬೆಳಗಿನಿಂದ ಸಂಜೆಯವರೆಗೆ ಹೇಗೆ ಬದುಕುತ್ತಾರೆ ಎಂದು ವಿಚಾರಿಸಿದವರು ನಮ್ಮಲ್ಲಿ ಕಡಿಮೆ. ಈ ಹೊತ್ತು ಆ ವಿಚಾರ ಮಾತಾಡೋಣ.

1959ರ ಮಾರ್ಚ್ ತಿಂಗಳಲ್ಲಿ ದಲೈ ಲಾಮಾ ಟಿಬೆಟಿನ ಲ್ಹಾಸಾ ಬಿಟ್ಟು ಹಿಮಾಲಯ ದಾಟಿ ಭಾರತಕ್ಕೆ ಬಂದರು. ಅವರ ಹಿಂದೆಯೇ ಸಾವಿರಾರು ಜನ ಬಂದರು. ಹಿಮದ ನಾಡಿನವರು, ಕೈಯಲ್ಲಿ ಕಾಸಿಲ್ಲ, ಭಾಷೆ ಬಾರದು. ಗಡಿಯ ಬೆಟ್ಟಗಳಲ್ಲಿ ರಸ್ತೆ ಕಡಿಯುವ ಕೂಲಿಯೇ ಮೊದಲ ಉದ್ಯೋಗ. ಇವರಿಗೆ ನೆಲೆ ಕೊಡಿ ಎಂದು ನೆಹರೂ ರಾಜ್ಯಗಳನ್ನು ಕೇಳಿದರು. ಆಗಿನ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಸುಮಾರು 3000 ಎಕರೆ ಕೊಟ್ಟಿತು. ಕರ್ನಾಟಕದ ಉಪಕಾರ ನೆನೆಯುವಾಗಲೆಲ್ಲ ದಲೈ ಲಾಮಾ ಎಸ್. ನಿಜಲಿಂಗಪ್ಪನವರ ಹೆಸರು ಹೇಳುತ್ತಾರೆ. ಹೀಗೆ 1960-61ರ ಹೊತ್ತಿಗೆ ಶುರುವಾದದ್ದು ಲುಗ್ಸುಂಗ್ ಸಮ್ಡುಪ್‌ಲಿಂಗ್ ಎಂಬ ವಸತಿ. ಭಾರತದಲ್ಲಿ ಟಿಬೆಟಿನವರಿಗೆಂದು ಆದ ಮೊದಲ ವಸತಿ ಇದು. ಧರ್ಮಶಾಲೆಯ ಹೆಸರು ಲೋಕಕ್ಕೆಲ್ಲ ಗೊತ್ತು. ಆದರೆ ನೆಲ ಉತ್ತು, ಬೆಳೆ ಬೆಳೆದು, ಒಕ್ಕಲಾಗಿ ನಿಲ್ಲಬಹುದು ಎಂಬ ಧೈರ್ಯ ಆ ಜನಕ್ಕೆ ಮೊದಲು ಬಂದದ್ದು ನಮ್ಮ ಪಿರಿಯಾಪಟ್ಟಣದ ಮಣ್ಣಿನಲ್ಲಿ. ಇದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳಬೇಕು.

ಕೊಟ್ಟದ್ದು ಹದ ಮಾಡಿದ ಹೊಲವಲ್ಲ, ಕಾಡು. ಬಿದಿರು ಮೆಳೆ, ಮರದ ಬೊಡ್ಡೆ, ರಾತ್ರಿಯಾದರೆ ಆನೆ. ಬಂದವರು ಬಿದಿರಿನ ಗುಡಿಸಲಲ್ಲಿ, ಡೇರೆಯಲ್ಲಿ ಇದ್ದುಕೊಂಡು ಕಾಡು ಕಡಿದರು, ಸುಟ್ಟರು, ಬೇರು ಕಿತ್ತರು. ನಮಗೆ ಹಿತವಾದ ಬಿಸಿಲು ಅವರಿಗೆ ಬೆಂಕಿ. ಆ ಸೆಕೆ, ಆ ಮಳೆ, ಮೈಗೆ ಒಗ್ಗದ ನೀರು, ಕ್ಷಯದಂಥ ರೋಗ ಎಲ್ಲ ಸೇರಿ ಆ ವರ್ಷಗಳಲ್ಲಿ ಬಹಳ ಜನ ತೀರಿಕೊಂಡರು. ಸಾಗುವಳಿಗೆ ತಲೆಗೊಂದು ಎಕರೆಯ ಲೆಕ್ಕದಲ್ಲಿ ನೆಲ ಹಂಚಿದರು. ತಮ್ಮ ನಾಡಿನ ಜವೆ ಈ ಸೀಮೆಯಲ್ಲಿ ಬೆಳೆಯದು, ಹಾಗಾಗಿ ಮುಸುಕಿನ ಜೋಳ ಹಾಕಿದರು. ಇವರ ಪುನರ್ವಸತಿಗೆಂದೇ 1968ರಲ್ಲಿ ಹುಟ್ಟಿದ ಸಂಸ್ಥೆ ಮೈರಾಡ. ಈಗ ನಮ್ಮ ಹೆಣ್ಣುಮಕ್ಕಳ ಸ್ವಸಹಾಯ ಸಂಘಗಳ ಕೆಲಸದಿಂದ ಹೆಸರಾದ ಆ ಮೈರಾಡದ ಮೊದಲ ಹೆಜ್ಜೆ ಟಿಬೆಟಿನವರ ಹೊಲದಲ್ಲಿ ಎಂಬುದನ್ನು ಅನೇಕರು ಮರೆತಿದ್ದಾರೆ. 1969ರಲ್ಲಿ ಬೈಲಕುಪ್ಪೆಯಲ್ಲೇ ಎರಡನೇ ವಸತಿ ಡಿಕ್ಕಿ ಲಾರ್ಸೋ ಆಯಿತು. 1972ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ರಬ್ಗೇಲಿಂಗ್ ಆಯಿತು. ನಮ್ಮ ಜನರ ಬಾಯಲ್ಲಿ ಮಾತ್ರ ಎಲ್ಲವೂ ಒಂದೇ ಹೆಸರು, ಟಿಬೆಟಿಯನ್ ಕ್ಯಾಂಪು. ಒಂದನೇ ಕ್ಯಾಂಪು, ನಾಲ್ಕನೇ ಕ್ಯಾಂಪು ಎಂದರೆ ಆಟೋದವರಿಗೂ ತಿಳಿಯುತ್ತದೆ.

ಇನ್ನು ಗುಡಿಗಳ ಮಾತು. ಗೋಲ್ಡನ್ ಟೆಂಪಲ್ ಎಂದು ನಾವು ಕರೆಯುವುದು ನಾಮ್‌ಡ್ರೋಲಿಂಗ್ ಮಠದ ಪದ್ಮಸಂಭವ ವಿಹಾರವನ್ನು. ಮಠ ಕಟ್ಟಿದವರು ಪೇನೋರ್ ರಿಂಪೋಚೆ. 1932ರಲ್ಲಿ ಪೂರ್ವ ಟಿಬೆಟಿನ ಖಾಮ್ ಸೀಮೆಯಲ್ಲಿ ಹುಟ್ಟಿದವರು, ಅಲ್ಲಿಯ ಪಾಲ್ಯುಲ್ ಮಠದ ಗುರುಗಳು. ಅವರ ಜೊತೆ ಊರು ಬಿಟ್ಟವರು ಸುಮಾರು 300 ಜನ, ಭಾರತದ ನೆಲ ಮುಟ್ಟಿದವರು ಸುಮಾರು 30 ಜನ. ಬೈಲಕುಪ್ಪೆಗೆ ಬಂದು 1963ರಲ್ಲಿ ಮಠ ಶುರು ಮಾಡಿದಾಗ ಇದ್ದದ್ದು ಒಂದು ಬಿದಿರಿನ ಗುಡಿ, ಬೆರಳೆಣಿಕೆಯ ಸನ್ಯಾಸಿಗಳು. ಗುರುಗಳೂ ಅವರೊಂದಿಗೆ ಬಿಸಿಲಿನಲ್ಲಿ ದುಡಿದು ಕಟ್ಟಡ ಎಬ್ಬಿಸಿದರು. ಈಗ ನಾವು ಕತ್ತೆತ್ತಿ ನೋಡುವ ದೊಡ್ಡ ವಿಹಾರ ದಲೈ ಲಾಮಾ ಅವರ ಕೈಯಿಂದ ಪ್ರತಿಷ್ಠೆಯಾದದ್ದು 1999ರಲ್ಲಿ. ಎಂದರೆ ಬಿದಿರಿನ ಗುಡಿಗೂ ಬಂಗಾರದ ಗುಡಿಗೂ ನಡುವೆ 36 ವರ್ಷ. ನಡುವೆ ಕುಳಿತ ಶಾಕ್ಯಮುನಿ ಬುದ್ಧ 60 ಅಡಿ, ಎರಡು ಬದಿಯ ಪದ್ಮಸಂಭವ ಮತ್ತು ಅಮಿತಾಯುಸ್ 58 ಅಡಿ. ತಾಮ್ರದ ಮೈ, ಮೇಲೆ ಚಿನ್ನದ ಲೇಪ. ಪೇನೋರ್ ರಿಂಪೋಚೆ 2009ರಲ್ಲಿ ಬೈಲಕುಪ್ಪೆಯಲ್ಲೇ ತೀರಿಕೊಂಡರು.

ಗೋಲ್ಡನ್ ಟೆಂಪಲ್‌ಗೆ ಹೋದವರು ಅಲ್ಲಿಂದಲೇ ತಿರುಗಿ ಕುಶಾಲನಗರಕ್ಕೆ ಊಟಕ್ಕೆ ಹೊರಟುಬಿಡುತ್ತಾರೆ. ನನ್ನ ಕೇಳಿಕೆ, ಹಾಗೆ ಹೊರಡಬೇಡಿ. ಅದೇ ವಸತಿಯಲ್ಲಿ ಸೆರಾ ಮಠವಿದೆ. ಲ್ಹಾಸಾದ ಬಳಿ 1419ರಲ್ಲಿ ಸ್ಥಾಪನೆಯಾದ ಸೆರಾ ಟಿಬೆಟಿನ ಮಹಾವಿದ್ಯಾಪೀಠಗಳಲ್ಲಿ ಒಂದು. 1959ರಲ್ಲಿ ಅಲ್ಲಿಂದ ಓಡಿಬಂದ ಸನ್ಯಾಸಿಗಳನ್ನು ಮೊದಲು ಇಟ್ಟದ್ದು ಬಂಗಾಳದ ಬಕ್ಸಾದಲ್ಲಿ, ಬ್ರಿಟಿಷರು ಸೆರೆಮನೆಯಾಗಿ ಬಳಸಿದ್ದ ಕೋಟೆಯಲ್ಲಿ. ಅಲ್ಲಿ ಹತ್ತು ವರ್ಷ ಕಳೆದು, ಉಳಿದವರಲ್ಲಿ ಸುಮಾರು 300 ಜನ 1970ರ ಸುಮಾರಿಗೆ ಬೈಲಕುಪ್ಪೆಗೆ ಬಂದು ಸೆರಾವನ್ನು ಮತ್ತೆ ಕಟ್ಟಿದರು. ಹಗಲು ಹೊಲದ ಕೆಲಸ, ಸಂಜೆ ಶಾಸ್ತ್ರಪಾಠ. ಈಗ ಅಲ್ಲಿ ಸಾವಿರಗಟ್ಟಲೆ ವಿದ್ಯಾರ್ಥಿಗಳಿದ್ದಾರೆ. ಲಡಾಖ್, ಅರುಣಾಚಲ, ನೇಪಾಳ, ಭೂತಾನಿನಿಂದಲೂ ಹುಡುಗರು ಓದಲು ಬರುತ್ತಾರೆ. ಗೆಶೆ ಎಂಬ ಪದವಿಗೆ ಸುಮಾರು 20 ವರ್ಷದ ಓದು.

ಸಂಜೆ ಹೊತ್ತು ಅಲ್ಲಿಯ ಅಂಗಳದಲ್ಲಿ ನಡೆಯುವ ವಾದವನ್ನು ನೋಡಲೇಬೇಕು. ಒಬ್ಬ ಕೂತಿರುತ್ತಾನೆ, ಒಬ್ಬ ನಿಂತಿರುತ್ತಾನೆ. ನಿಂತವನು ಪ್ರಶ್ನೆ ಎಸೆದು, ಒಂದು ಕಾಲು ಎತ್ತಿ ನೆಲಕ್ಕೆ ಊರುತ್ತಾ ಅಂಗೈಗೆ ಅಂಗೈ ಬಡಿಯುತ್ತಾನೆ. ಕೂತವನು ತಕ್ಷಣ ಉತ್ತರ ಕೊಡಬೇಕು. ನೂರಾರು ಜೋಡಿ ಹೀಗೆ ಒಟ್ಟಿಗೆ ವಾದಕ್ಕಿಳಿದಾಗ ಏಳುವ ಸದ್ದು ಕೇಳಿ, ಹೊಸಬರು ಜಗಳವೆಂದು ತಿಳಿಯುವುದುಂಟು. ನಳಂದದಲ್ಲಿ ಬೆಳೆದ ತರ್ಕಶಾಸ್ತ್ರದ ಪಾಠ ಅದು. ದಿಙ್ನಾಗ, ಧರ್ಮಕೀರ್ತಿಯರ ಗ್ರಂಥಗಳು ಸಂಸ್ಕೃತದಿಂದ ಟಿಬೆಟ್ ಭಾಷೆಗೆ ಹೋಗಿ, ಸಾವಿರ ವರ್ಷ ಹಿಮದ ನಾಡಿನಲ್ಲಿ ಉಳಿದು, ನಮ್ಮ ಹೊಗೆಸೊಪ್ಪಿನ ಬ್ಯಾರನ್ನುಗಳ ಪಕ್ಕಕ್ಕೆ ಬಂದು ಕುಳಿತಿವೆ. ಭಾರತದಲ್ಲಿ ಕಳೆದುಹೋದ ವಿದ್ಯೆಯೊಂದು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ದಿನಾ ಸಂಜೆ ಗಟ್ಟಿ ದನಿಯಲ್ಲಿ ಮಾತಾಡುತ್ತಿದೆ ಎಂದರೆ ಅದಕ್ಕಿಂತ ದೊಡ್ಡ ಸಂಗತಿ ನಮ್ಮ ಸೀಮೆಯಲ್ಲಿ ಇನ್ನೇನಿದೆ?

ಸೆರಾಕ್ಕೆ ಪರದೇಶದವರು ಬರುವುದು ಹೊಸದೇನಲ್ಲ. 1901ರಲ್ಲಿ ಎಕಾಯಿ ಕಾವಾಗುಚಿ ಎಂಬ ಜಪಾನಿನ ಸನ್ಯಾಸಿ, ಟಿಬೆಟ್ ಹೊರಗಿನವರಿಗೆ ಬಾಗಿಲು ಮುಚ್ಚಿದ್ದ ಕಾಲದಲ್ಲಿ, ಚೀನಾದವನೆಂದು ಹೇಳಿಕೊಂಡು ಲ್ಹಾಸಾ ಸೇರಿ ಸೆರಾದಲ್ಲಿ ಓದಿದ. ಔಷಧ ಕೊಡುವುದರಲ್ಲಿ ಹೆಸರಾಗಿ ಜನ ಅವನನ್ನು ಸೆರಾದ ವೈದ್ಯನೆಂದೇ ಕರೆದರು. ಗುಟ್ಟು ಬಯಲಾಗುವ ಹೊತ್ತಿಗೆ 1902ರಲ್ಲಿ ತಪ್ಪಿಸಿಕೊಂಡು ಬಂದ. ಆಮೇಲೆ ತೋಕಾನ್ ತಾದಾ ಎಂಬ ಇನ್ನೊಬ್ಬ ಜಪಾನಿ ಸುಮಾರು ಹತ್ತು ವರ್ಷ ಅದೇ ಸೆರಾದಲ್ಲಿದ್ದು ಬಹಿರಂಗವಾಗಿಯೇ ಕಲಿತ. ಪರದೇಶಿಯನ್ನು ಕೂರಿಸಿ ಪಾಠ ಹೇಳಿದ ಮಠವೇ ಅರ್ಧ ಶತಮಾನ ಕಳೆಯುವುದರೊಳಗೆ ತಾನೇ ಪರದೇಶದಲ್ಲಿ ನೆಲೆ ಹುಡುಕಬೇಕಾಯಿತು.

ಜಪಾನಿನ ಹೆಸರು ಬಂದದ್ದರಿಂದ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಕನ್ನಡದ ಹುಡುಗರು ಕೆಲಸಕ್ಕೆಂದು ಟೋಕಿಯೋ ಕಡೆ ಹೋಗಿದ್ದಾರೆ. ಅಲ್ಲಿಯ ಶಿಂತೋ ಗುಡಿಗೆ ಹೋದರೆ ಬಾಗಿಲ ಬಳಿಯ ತೊಟ್ಟಿಯ ನೀರಿನಲ್ಲಿ ಕೈ ಬಾಯಿ ತೊಳೆಯುತ್ತಾರೆ, ದೇವರ ಮುಂದೆ ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗುತ್ತಾರೆ. ಅಲ್ಲಿಯವರು ಮಾಡುವುದನ್ನು ನೋಡಿ ಹಾಗೆಯೇ ಮಾಡುತ್ತಾರೆ, ದನಿ ಎತ್ತಿ ಮಾತಾಡುವುದಿಲ್ಲ. ದೂರದ ದೇಶದಲ್ಲಿ ಇಷ್ಟು ತಗ್ಗಿ ನಡೆಯುವ ನಾವು ನಮ್ಮದೇ ತಾಲ್ಲೂಕಿನ ಗುಡಿಯಲ್ಲಿ ಏಕೆ ಮರೆಯುತ್ತೇವೆ? ವಿಹಾರದೊಳಗೆ ಪೂಜೆ ನಡೆಯುತ್ತಿರುವಾಗ ಸನ್ಯಾಸಿಗಳ ಸಾಲಿನ ನಡುವೆ ನುಗ್ಗಿ ಮೊಬೈಲು ಹಿಡಿಯುವುದನ್ನು, ಎಳೆಯ ಸನ್ಯಾಸಿಯ ಹೆಗಲ ಮೇಲೆ ಕೇಳದೆ ಕೈ ಹಾಕಿ ಸೆಲ್ಫಿ ತೆಗೆಯುವುದನ್ನು, ಕಣ್ಣು ಮೂಗು ಎಂದು ಆಡಿಕೊಳ್ಳುವುದನ್ನು ನಾನು ಕಂಡು ತಲೆ ತಗ್ಗಿಸಿದ್ದೇನೆ. ನಮ್ಮ ಎಡತೊರೆಯ ಅರ್ಕೇಶ್ವರನ ಗರ್ಭಗುಡಿಯ ಮುಂದೆ ಯಾರಾದರೂ ಹೀಗೆ ಮಾಡಿದರೆ ನಾವು ಸುಮ್ಮನಿರುತ್ತೇವೆಯೇ?

ಕಲಿಯುವುದಕ್ಕೆ ಕಷ್ಟದ ವಿಧಿಗಳೇನೂ ಅಲ್ಲಿಲ್ಲ. ಚಪ್ಪಲಿ ಹೊರಗೆ ಬಿಡಬೇಕು. ನಮ್ಮ ಹಾಗೆಯೇ ಬಲಗೈ ದೇವರ ಕಡೆ ಇರುವಂತೆ ಪ್ರದಕ್ಷಿಣೆ ಬರಬೇಕು. ಸಾಲಾಗಿ ನಿಲ್ಲಿಸಿದ ಮಣಿಚಕ್ರಗಳನ್ನೂ ಅದೇ ದಿಕ್ಕಿಗೆ ತಿರುಗಿಸಬೇಕು. ಅದರೊಳಗೆ ಸುತ್ತಿಟ್ಟ ಕಾಗದದ ತುಂಬ ಓಂ ಮಣಿ ಪದ್ಮೇ ಹೂಂ ಎಂಬ ಮಂತ್ರವಿರುತ್ತದೆ, ಅದು ಅವಲೋಕಿತೇಶ್ವರನ ಮಂತ್ರ. ಆ ದೇವರೂ ಕನ್ನಡ ನಾಡಿಗೆ ಹೊಸಬನಲ್ಲ. ಮಂಗಳೂರಿನ ಕದ್ರಿ ಮಂಜುನಾಥನ ದೇವಸ್ಥಾನದಲ್ಲಿ 968ರ ಶಾಸನವಿರುವ ಲೋಕೇಶ್ವರನ ಕಂಚಿನ ಮೂರ್ತಿ ಇವತ್ತಿಗೂ ಇದೆ. ಆಳುಪರ ಕುಂದವರ್ಮ ಮಾಡಿಸಿದ್ದು. ಸಾವಿರ ವರ್ಷದ ಹಿಂದೆ ನಮ್ಮವರೇ ಪೂಜಿಸಿದ ದೇವರು ಇವರ ಬಾಯಲ್ಲಿ ಮಂತ್ರವಾಗಿ ತಿರುಗಿ ಬಂದಿದ್ದಾನೆ.

ದೊಡ್ಡ ಮಠಗಳಿಗಿಂತ ನನ್ನ ಮನಸ್ಸಿಗೆ ಹತ್ತಿರವಾದದ್ದು ಮನೆಯ ಪೂಜೆ. ಟಿಬೆಟಿನವರ ಮನೆಯಲ್ಲಿ ಬೆಳಗ್ಗೆ ಎದ್ದ ಕೂಡಲೇ ದೇವರ ಮುಂದೆ ಏಳು ಬಟ್ಟಲು ಸಾಲಾಗಿಟ್ಟು ಶುದ್ಧ ನೀರು ತುಂಬುತ್ತಾರೆ. ಸಂಜೆ ಆ ನೀರು ಚೆಲ್ಲಿ, ಬಟ್ಟಲು ಒರೆಸಿ ಬೋರಲು ಹಾಕುತ್ತಾರೆ. ನೀರು ಎಲ್ಲರಿಗೂ ಸಿಗುವ ವಸ್ತು, ಕೊಡುವಾಗ ಮನಸ್ಸಿನಲ್ಲಿ ಜಿಪುಣತನ ಬರುವುದಿಲ್ಲ, ಅದಕ್ಕೇ ನೀರು ಎಂದು ಅವರು ಹೇಳುತ್ತಾರೆ. ಆಮೇಲೆ ಜಪಸರ ಹಿಡಿದು ವಯಸ್ಸಾದವರು ಸ್ತೂಪಕ್ಕೆ ಸುತ್ತು ಬರಲು ಹೊರಡುತ್ತಾರೆ. ಮಂಡಿನೋವಿನವರು ಕೋಲೂರಿಕೊಂಡು ಸುತ್ತುತ್ತಾರೆ, ಮಳೆಯಲ್ಲಿ ಕೊಡೆ ಹಿಡಿದು ಸುತ್ತುತ್ತಾರೆ.

ಹಾಗೆ ಸುತ್ತಿ ಬಂದು ಕಟ್ಟೆಯ ಮೇಲೆ ಕುಳಿತಿದ್ದ ಒಬ್ಬ ಅಜ್ಜಿಯನ್ನು ಮಾತಾಡಿಸಿದೆ. ಟಿಬೆಟ್ ಭಾಷೆ ನನಗೆ ಬಾರದು. ಅಜ್ಜಿಗೆ ಕನ್ನಡ ಬರುತ್ತಿತ್ತು, ಹೊಲದ ಕೆಲಸಕ್ಕೆ ಬರುತ್ತಿದ್ದ ನಮ್ಮ ಹೆಣ್ಣಾಳುಗಳಿಂದ ಕಲಿತ ಕನ್ನಡ. "ಯಾವೂರು ಮಗ?" ಅಂದರು. ಕೆ.ಆರ್. ನಗರ ಎಂದೆ. "ನಾನು ಸಣ್ಣವಳು, ನಮ್ಮಮ್ಮನ ಬೆನ್ನ ಮೇಲೆ ಬಂದೆ. ನಮ್ಮಮ್ಮ ಈ ಬಿಸಿಲು ನೋಡಿ ಅಳೋರು. ಈಗ ನಂಗೆ ಚಳಿ ಆಯ್ತದೆ," ಎಂದು ನಕ್ಕರು. ಮಕ್ಕಳೆಲ್ಲಿ ಅಜ್ಜಿ ಎಂದು ಕೇಳಿದ್ದಕ್ಕೆ ಒಬ್ಬ ಕೆನಡಾ, ಒಬ್ಬಳು ದಿಲ್ಲಿ ಎಂದರು. ಎಲ್ಲ ಕ್ಯಾಂಪುಗಳ ಕಥೆಯೂ ಈಗ ಇದೇ. ಓದಿದ ಮಕ್ಕಳು ಅಮೆರಿಕ, ಕೆನಡಾ, ಯೂರೋಪು ಸೇರುತ್ತಿದ್ದಾರೆ. ಮನೆಯಲ್ಲಿ ಉಳಿದವರು ಮುದುಕರು. ಎಷ್ಟೋ ಹೊಲಗಳನ್ನು ಸುತ್ತಲಿನ ನಮ್ಮ ರೈತರೇ ಗುತ್ತಿಗೆಗೆ ಮಾಡುತ್ತಿದ್ದಾರೆ.

ದಿನದ ಬದುಕಿನಲ್ಲಿ ಅವರೂ ನಮ್ಮವರೂ ಬೇರ್ಪಡಿಸಲಾಗದಷ್ಟು ಬೆರೆತಿದ್ದಾರೆ. ಅವರ ಮನೆಗಳನ್ನು ಕಟ್ಟುವ ಗಾರೆ ಕೆಲಸದವರು ನಮ್ಮವರು. ಅವರ ಸಹಕಾರ ಸಂಘದ ಟ್ರ್ಯಾಕ್ಟರು ರಿಪೇರಿಗೆ ಬರುವುದು ನಮ್ಮ ಗ್ಯಾರೇಜಿಗೆ. ಮೊಮೊ, ತುಕ್ಪಾ ತಿನ್ನಲು ನಮ್ಮ ಹುಡುಗರು ಅಲ್ಲಿಗೆ ಹೋಗುತ್ತಾರೆ, ಅವರ ಹುಡುಗರು ಕುಶಾಲನಗರದಲ್ಲಿ ದೋಸೆ ತಿನ್ನುತ್ತಾರೆ. ಕೈಕಾಲು ನೋವಿಗೆ, ಹೊಟ್ಟೆಯ ತೊಂದರೆಗೆ ನಾಡಿ ಹಿಡಿದು ಔಷಧ ಕೊಡುವ ಅವರ ಮೆನ್-ತ್ಸಿ-ಖಾಂಗ್ ಚಿಕಿತ್ಸಾಲಯಕ್ಕೆ ನಮ್ಮ ಹಳ್ಳಿಯವರೂ ಹೋಗುತ್ತಾರೆ. ಚಳಿಗಾಲಕ್ಕೆ ಮುಂಚೆ ಹಲವು ಮನೆಗಳಿಗೆ ಬೀಗ ಬೀಳುತ್ತದೆ. ಸ್ವೆಟರಿನ ಗಂಟು ಹೊತ್ತು ದೂರದ ಪಟ್ಟಣಗಳ ಫುಟ್‌ಪಾತಿನಲ್ಲಿ ಎರಡು ಮೂರು ತಿಂಗಳು ವ್ಯಾಪಾರ ಮಾಡಿ, ಲೋಸಾರ್ ಹಬ್ಬದ ಹೊತ್ತಿಗೆ ವಾಪಸು ಬರುತ್ತಾರೆ. ಲೋಸಾರ್ ಅವರ ಯುಗಾದಿ, ನಮ್ಮದಕ್ಕಿಂತ ಸುಮಾರು ಒಂದು ತಿಂಗಳು ಮುಂಚೆ ಬರುತ್ತದೆ. ಮನೆಯ ಮೇಲಿನ ಹಳೆಯ ಮಂತ್ರದ ಬಾವುಟ ತೆಗೆದು ಐದು ಬಣ್ಣದ ಹೊಸದನ್ನು ಕಟ್ಟುತ್ತಾರೆ.

ಇಷ್ಟು ಬೆರೆತವರ ಕೈಯಲ್ಲಿರುವ ಕಾಗದ ಮಾತ್ರ ಬೇರೆ. ಆರ್.ಸಿ. ಎಂದು ಅವರು ಕರೆಯುವ ನೋಂದಣಿ ಪತ್ರ ಪರದೇಶೀಯರಿಗೆ ಕೊಡುವಂಥದ್ದು, ಅವಧಿ ಮುಗಿದಾಗ ನವೀಕರಿಸಿಕೊಳ್ಳಬೇಕು. ಬೇರೆ ದೇಶಕ್ಕೆ ಹೋಗಲು ಪಾಸ್‌ಪೋರ್ಟ್ ಬದಲು ಗುರುತಿನ ಪುಸ್ತಕ. ಸರ್ಕಾರದಿಂದ ಬಂದ ನೆಲವನ್ನು ಮಾರುವಂತಿಲ್ಲ. ನಮ್ಮ ಪೌರತ್ವ ಕಾನೂನಿನ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮುಂಚೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು. ಇದು ಟಿಬೆಟಿನವರಿಗೂ ಅನ್ವಯಿಸುತ್ತದೆ ಎಂದು 2010ರಲ್ಲಿ ದಿಲ್ಲಿ ಹೈಕೋರ್ಟ್, 2013ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿದವು. ಆದರೂ ಅನೇಕರು ಪೌರತ್ವ ಕೇಳಲಿಲ್ಲ. ಕೇಳಿದರೆ ಊರಿಗೆ ಹಿಂತಿರುಗುವ ಆಸೆಯನ್ನೇ ಬಿಟ್ಟಂತೆ ಎಂಬುದು ಹಿರಿಯರ ಭಾವನೆ. ಇನ್ನು ಕೆಲವರು, ಮಕ್ಕಳ ಉದ್ಯೋಗಕ್ಕೆ ಅನುಕೂಲವೆಂದು, ಪಡೆದಿದ್ದಾರೆ. ಯಾರ ತೀರ್ಮಾನ ಸರಿ ಎಂದು ಹೊರಗಿನಿಂದ ಹೇಳಲು ನನಗೆ ಅಧಿಕಾರವಿಲ್ಲ. ಆದರೆ ಇಲ್ಲೇ ಹುಟ್ಟಿ, ಇಲ್ಲೇ ಓದಿ, ನಮ್ಮಂತೆಯೇ ಕನ್ನಡ ಆಡುವವರನ್ನು "ನೀವು ಯಾವ ದೇಶ?" ಎಂದು ಪ್ರತಿಸಲ ಕೇಳುವುದನ್ನು ನಾವು ಬಿಡಬಹುದು.

ಕಳೆದುಕೊಂಡ ಊರಿನ ನೆನಪು ಅವರಲ್ಲಿ ಎಷ್ಟು ಹಸಿಯಾಗಿದೆ ಎಂಬುದು 2025ರ ಜನವರಿಯಲ್ಲಿ ಕಂಡಿತು. ದಲೈ ಲಾಮಾ ಆಗ ಬೈಲಕುಪ್ಪೆಗೆ ಬಂದು ತಾಶಿ ಲ್ಹುಂಪೋ ಮಠದಲ್ಲಿ ತಂಗಿದ್ದರು. ಟಿಬೆಟಿನ ಶಿಗಾತ್ಸೆಯಲ್ಲಿರುವ ತಾಶಿ ಲ್ಹುಂಪೋ ಮಠವನ್ನು ಇಲ್ಲಿ 1972ರಲ್ಲಿ ಮತ್ತೆ ಸ್ಥಾಪಿಸಿದ್ದು. ಜನವರಿ 7ರಂದು ಅದೇ ಶಿಗಾತ್ಸೆ ಸೀಮೆಯ ಟಿಂಗ್ರಿಯಲ್ಲಿ ಭೂಕಂಪವಾಯಿತು, ನೂರಕ್ಕೂ ಹೆಚ್ಚು ಜನ ಸತ್ತರು. ಎರಡು ದಿನ ಕಳೆದು ಬೈಲಕುಪ್ಪೆಯ ಮಠದಲ್ಲಿ ಸತ್ತವರಿಗಾಗಿ ದಲೈ ಲಾಮಾ ಸನ್ಯಾಸಿಗಳೊಡನೆ ಪ್ರಾರ್ಥನೆ ಮಾಡಿದರು. ಅಲ್ಲಿಗೆ ಹೋಗಿ ಹೆಣಕ್ಕೆ ಹೆಗಲು ಕೊಡುವಂತಿಲ್ಲ, ಇಲ್ಲಿ ಕುಳಿತು ಮಂತ್ರ ಹೇಳಬಹುದು ಅಷ್ಟೇ. ಮಠ, ಗುಡಿ ಎಂದರೆ ಆ ಜನಕ್ಕೆ ಏನು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ನಾನು ಹೇಳಲಾರೆ.

ನಮ್ಮ ಕೃಷ್ಣರಾಜನಗರವೂ ನೆಲೆ ಬದಲಿಸಿದ ಊರೇ. ಕಾವೇರಿಯ ಪ್ರವಾಹಕ್ಕೆ ಹಳೆಯ ಎಡತೊರೆ ನಲುಗಿದಾಗ ಎತ್ತರದ ಜಾಗದಲ್ಲಿ ಹೊಸ ಊರು ಕಟ್ಟಿ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿಟ್ಟರು. ಮನೆಗಳು ಮೇಲೆ ಬಂದವು, ಅರ್ಕೇಶ್ವರ ಹೊಳೆಯ ದಡದಲ್ಲೇ ಉಳಿದ. ಇವತ್ತಿಗೂ ಹಬ್ಬ ಹರಿದಿನಕ್ಕೆ ನಾವು ಅಲ್ಲಿಗೇ ಹೋಗುತ್ತೇವೆ. ನಮಗೆ ಹೋಗಲು ದಾರಿಯಿದೆ, ನಡೆದರೂ ಹೋಗಿ ಬರಬಹುದು. ಬೈಲಕುಪ್ಪೆಯ ಅಜ್ಜಿಗೆ ತನ್ನ ಊರ ಗುಡಿಗೆ ದಾರಿಯಿಲ್ಲ. ಅದಕ್ಕೇ ಆ ಗುಡಿಗಳನ್ನೇ, ಅದೇ ಹೆಸರಿಟ್ಟು, ಪಿರಿಯಾಪಟ್ಟಣದಲ್ಲಿ ಕಟ್ಟಿಕೊಂಡರು.

ಮುಂದಿನ ಸಲ ಹೋದಾಗ ಕೆಲವು ಕೆಲಸ ಮಾಡಿ. ವಿಹಾರದೊಳಗೆ ಒಂದಿಷ್ಟು ಹೊತ್ತು ಮೊಬೈಲು ಜೇಬಿನಲ್ಲಿಟ್ಟು ಕುಳಿತುಕೊಳ್ಳಿ. ಫೋಟೋ ಬೇಕಾದರೆ ಕೇಳಿ ತೆಗೆಯಿರಿ. ಸಂಜೆಯಾದರೆ ಸೆರಾಕ್ಕೆ ಹೋಗಿ ವಾದ ನೋಡಿ, ದೂರದಲ್ಲಿ ನಿಂತು. ಹುಣಸೂರಿನವರು ಬೈಲಕುಪ್ಪೆಯವರೆಗೂ ಹೋಗಬೇಕಿಲ್ಲ, ಗುರುಪುರದಲ್ಲಿ ಗ್ಯುದ್ಮೆದ್ ಎಂಬ ತಾಂತ್ರಿಕ ವಿದ್ಯಾಪೀಠವಿದೆ. ಗಂಟಲಿನ ಆಳದಿಂದ ಮಂತ್ರ ಹೇಳುವ ಅವರ ಪರಂಪರೆ ಜಗತ್ತಿನಲ್ಲೇ ಹೆಸರಾದದ್ದು. ಅಂಗಡಿಯಲ್ಲಿ, ಹೋಟೆಲಿನಲ್ಲಿ ಹಿಂದಿ ಇಂಗ್ಲಿಷ್ ಹುಡುಕಬೇಡಿ, ಕನ್ನಡದಲ್ಲೇ ಮಾತಾಡಿಸಿ. ಎಷ್ಟೋ ಜನ ಕನ್ನಡದಲ್ಲೇ ಉತ್ತರ ಕೊಡುತ್ತಾರೆ.

ಶಾಲೆಯ ಮೇಷ್ಟ್ರುಗಳಿಗೆ, ಮೇಡಂಗಳಿಗೆ ನನ್ನ ವಿಶೇಷ ವಿನಂತಿ. ಪ್ರವಾಸದ ಪಟ್ಟಿಯಲ್ಲಿ ಬೈಲಕುಪ್ಪೆಗೆ ಅರ್ಧ ಗಂಟೆ ಬರೆಯಬೇಡಿ, ಅರ್ಧ ದಿನ ಬರೆಯಿರಿ. ಹೋಗುವ ಮುಂಚಿನ ದಿನ ತರಗತಿಯಲ್ಲಿ ಭೂಪಟ ಬಿಡಿಸಿ ಲ್ಹಾಸಾ ಎಲ್ಲಿದೆ, ಪಿರಿಯಾಪಟ್ಟಣ ಎಲ್ಲಿದೆ ತೋರಿಸಿ, ಈ ಜನ ಏಕೆ ಬಂದರು ಎಂದು ಹೇಳಿ. ಅಲ್ಲಿಗೆ ಹೋದಾಗ ಒಬ್ಬರಾದರೂ ಹಿರಿಯರ ಹತ್ತಿರ ಮಕ್ಕಳನ್ನು ಕೂರಿಸಿ ಮಾತಾಡಿಸಿ. ಕಾಡು ಕಡಿದ ಕಾಲವನ್ನು ಕಣ್ಣಾರೆ ಕಂಡವರು ಇನ್ನು ಕೆಲವರೇ ಉಳಿದಿದ್ದಾರೆ, ತಡ ಮಾಡಬೇಡಿ.